ಈಳಿಗೆಮಣೆಯನ್ನು ಬಚ್ಚಿಟ್ಟ ಪದ

ಮೆಟ್ಟುಪಾಳ್ಯದಿಂದ ಸತ್ಯಮಂಗಲದ ರಸ್ತೆ ಹಿಡಿದರೆ ಸ್ವಲ್ಪ ದೂರಕ್ಕೇ ಸಿರುಮುಗೈ ಸಿಗುತ್ತದೆ. ರೇಷ್ಮೆ ಮಗ್ಗಗಳ ಊರು. ಅಲ್ಲಿ ನೆಯ್ಯುವವರಲ್ಲಿ ಬಹಳ ಮಂದಿ ದೇವಾಂಗರು, ಮನೆಯೊಳಗೆ ಕನ್ನಡ ಆಡುವವರು. ನನ್ನ ಚಿಕ್ಕಮ್ಮನ ಮನೆ ಇರುವುದು ಅಲ್ಲೇ. ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಹೋದಾಗ ಆಕೆ ಹುರುಳಿಕಾಯಿಯನ್ನು ಕೈಯಲ್ಲೇ ಮುರಿಯುತ್ತ ಕೂತಿದ್ದಳು. ಪಕ್ಕದಲ್ಲಿ ಕುಂಬಳಕಾಯಿ ಇಡಿಯಾಗಿ ಬಿದ್ದಿತ್ತು. ಅದನ್ನು ಆಚೆಮನೆಗೆ ತೆಗೆದುಕೊಂಡು ಹೋಗಿ ಹೆಚ್ಚಿಸಿಕೊಂಡು ಬರಬೇಕು ಅಂದಳು. "ಈಳಿಗೆಮಣೆ ಎಲ್ಲಿ ಹೋಯ್ತು ಚಿಕ್ಕಮ್ಮ?" ಅಂತ ಕೇಳಿದೆ. ಆಕೆ ಒಮ್ಮೆ ಬಾಗಿಲಿನ ಕಡೆ ನೋಡಿದಳು. ಆಮೇಲೆ ಮಾತಾಡದೆ ಅಕ್ಕಿ ಡ್ರಮ್ಮಿನತ್ತ ಕಣ್ಣು ತೋರಿಸಿದಳು. ಈಳಿಗೆಮಣೆಯನ್ನು ಹಳೇ ಸೀರೆಯಲ್ಲಿ ಸುತ್ತಿ ಅಕ್ಕಿಯೊಳಗೆ ಹೂತಿಟ್ಟಿದ್ದಳು.

ಆಚೆ ಕೋಣೆಯಲ್ಲಿ ಅವಳ ಮಗ ಗೋಡೆಗೆ ಮುಖ ಮಾಡಿ ಮಲಗಿದ್ದ. ಇಪ್ಪತ್ತೆರಡು ವರ್ಷ. ಒಳ್ಳೆಯ ನೇಕಾರ. ಆರೇಳು ತಿಂಗಳಿಂದ ಮಗ್ಗದ ಗುಂಡಿಗೆ ಇಳಿದವನು ಲಾಳಿ ಹಿಡಿದು ಸುಮ್ಮನೆ ಕೂತುಬಿಡುತ್ತಿದ್ದ, ಯಾರಿಗೋ ಉತ್ತರ ಕೊಡುವಂತೆ ತುಟಿ ಆಡಿಸುತ್ತಿದ್ದ. ಸ್ನಾನ ಬಿಟ್ಟ, ಗೆಳೆಯರನ್ನು ಬಿಟ್ಟ. ಟೀವಿಯಲ್ಲಿ ತನ್ನ ಬಗ್ಗೆಯೇ ಹೇಳುತ್ತಿದ್ದಾರೆ ಅಂದ. ಮೊದಲು ಗಾಳಿ ಸೋಕಿದೆ ಅಂದುಕೊಂಡು ಯಂತ್ರ ಕಟ್ಟಿಸಿದರು. ಅಕ್ಕಪಕ್ಕದ ತಮಿಳರು 'ಕಾತ್ತು ಕರುಪ್ಪು' ಅಂದರು, ಅದೂ ಗಾಳಿಯೇ. ಕೊನೆಗೆ ಕೊಯಮತ್ತೂರಿನ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿ ವೈದ್ಯರು ಚೀಟಿಯ ಮೇಲೆ 'ಎಫ್ 20' ಎಂದು ಬರೆದು, ಮಾತ್ರೆ ಕೊಟ್ಟು, ತಪ್ಪದೆ ನುಂಗಿಸಿ ಎಂದರು. ಹೊರಗೆ ನೂರು ಜನ ಕಾದಿದ್ದರು, ವಿವರಿಸಲು ಅವರಿಗೆ ಹೊತ್ತಿರಲಿಲ್ಲ. ಮೆಡಿಕಲ್ ಶಾಪಿನ ಹುಡುಗನನ್ನು ಚಿಕ್ಕಮ್ಮ ಕೇಳಿದಳು. ಅವನು ಮಾತ್ರೆಯ ಹೆಸರು ನೋಡಿ, "ಇದು ಸ್ಕಿಜೋಫ್ರೇನಿಯಾಗೆ ಅಮ್ಮಾ. ಸ್ಪ್ಲಿಟ್ ಪರ್ಸನಾಲಿಟಿ. 'ಅನ್ನಿಯನ್' ನೋಡಿದ್ದೀರಲ್ಲ, ಆ ಥರ" ಅಂದ.

ಶಂಕರ್ ನಿರ್ದೇಶನದ 'ಅನ್ನಿಯನ್' 2005ರ ಚಿತ್ರ. ಅದರಲ್ಲಿ ಪಾಪದವನಂತಿರುವ ವಕೀಲನೊಬ್ಬ ಕೂದಲು ಕೆದರಿಕೊಂಡು ಕೊಲೆಗಾರನಾಗುತ್ತಾನೆ. ಚಿಕ್ಕಮ್ಮ ಆ ಚಿತ್ರವನ್ನು ಎರಡು ಸಲ ನೋಡಿದ್ದಳು. ಮನೆಗೆ ಬಂದವಳೇ ಈಳಿಗೆಮಣೆ ಸುತ್ತಿಟ್ಟಳು. ರಾತ್ರಿ ಮಗನ ಕೋಣೆಗೆ ಹೊರಗಿನಿಂದ ಚಿಲಕ ಹಾಕತೊಡಗಿದಳು. ಹೆತ್ತ ಮಗನೊಳಗಿಂದ ಇನ್ನೊಬ್ಬ ಎದ್ದು ಬರುತ್ತಾನೆ ಎಂದು ಕಾದು ಕೂತಳು.

ಆ ಇನ್ನೊಬ್ಬ ಬರಲಿಲ್ಲ, ಯಾಕೆಂದರೆ ಈ ಕಾಯಿಲೆಯಲ್ಲಿ ಇನ್ನೊಬ್ಬ ಎಂಬವನೇ ಇಲ್ಲ. ಒಬ್ಬ ಮನುಷ್ಯನಲ್ಲಿ ಎರಡು ಮೂರು ವ್ಯಕ್ತಿತ್ವಗಳು ಸರದಿಯಂತೆ ತಲೆ ಎತ್ತುತ್ತವೆ ಎನ್ನುವ ಸ್ಥಿತಿಗೆ ಮನೋವೈದ್ಯರು ಬೇರೆಯೇ ಹೆಸರಿಟ್ಟು ಬೇರೆಯೇ ಗುಂಪಿಗೆ ಸೇರಿಸಿದ್ದಾರೆ. ಸ್ಕಿಜೋಫ್ರೇನಿಯಾ ವಿರಳವೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2022ರ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 300 ಮಂದಿಗೆ ಒಬ್ಬರಿಗೆ, ಒಟ್ಟು ಎರಡು ಕೋಟಿ ನಲವತ್ತು ಲಕ್ಷದಷ್ಟು ಜನಕ್ಕೆ ಇದು ಇತ್ತು. ಒಂದು ಊರು ಅಂದಮೇಲೆ ನಾಲ್ಕಾರು ಮನೆಯಲ್ಲಿ ಇದ್ದೇ ಇರುವ ಕಾಯಿಲೆಯ ಅರ್ಥವನ್ನು ನಾವು ಒಂದು ಸಿನಿಮಾದಿಂದ ಕಲಿತಿದ್ದೇವೆ. ಕನ್ನಡಿಗರಿಗೆ ಅದರ ಹಿಂದಿನ ವರ್ಷವೇ 'ಆಪ್ತಮಿತ್ರ' ಬಂದಿತ್ತು, ಗಂಗಾ ನಾಗವಲ್ಲಿಯಾಗುವುದನ್ನು ನೋಡಿ ನಾವು ಇದೇ ಪಾಠ ಕಲಿತೆವು. ಸಿನಿಮಾದವರನ್ನು ಮಾತ್ರ ದೂರಿ ಉಪಯೋಗವಿಲ್ಲ. ತಪ್ಪು ಹುಟ್ಟಿದ್ದು ಆ ಪದದೊಳಗೇ.

ಪದವನ್ನು ಕಟ್ಟಿದವರು ಸ್ವಿಟ್ಜರ್ಲೆಂಡಿನ ಯೂಜೆನ್ ಬ್ಲಾಯ್ಲರ್, ಜ್ಯೂರಿಕ್ಕಿನ ಬುರ್ಗ್‌ಹೋಲ್ಸ್ಲಿ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥರು. 1908ರ ಏಪ್ರಿಲ್‌ನಲ್ಲಿ ಬರ್ಲಿನ್ನಿನ ವೈದ್ಯರ ಸಭೆಯಲ್ಲಿ ಅವರು ಇದನ್ನು ಮುಂದಿಟ್ಟರು. (ಅದೇ ವರ್ಷ ನಮ್ಮ ಮೆಟ್ಟುಪಾಳ್ಯದಿಂದ ಹೊರಡುವ ಹಲ್ಲುಗಾಲಿ ರೈಲು ಕೂನೂರನ್ನು ದಾಟಿ ಊಟಿ ಮುಟ್ಟಿತು. ಆ ಪದಕ್ಕೂ ಆ ಹಳಿಗೂ ಒಂದೇ ವಯಸ್ಸು.) ಅದಕ್ಕೆ ಮೊದಲು ಜರ್ಮನಿಯ ಕ್ರೇಪಲಿನ್ ಕೊಟ್ಟ 'ಡಿಮೆನ್ಷಿಯಾ ಪ್ರೀಕಾಕ್ಸ್' ಎಂಬ ಹೆಸರಿತ್ತು. ಚಿಕ್ಕ ವಯಸ್ಸಿಗೇ ಬುದ್ಧಿ ಸವೆದುಹೋಗುವ ರೋಗ ಎಂದು ಅದರ ಅರ್ಥ. ಹೆಸರಿನಲ್ಲೇ ಮರಣಶಾಸನ ಬರೆದಂತಿತ್ತು. ಬ್ಲಾಯ್ಲರ್ ಇದನ್ನು ಒಪ್ಪಲಿಲ್ಲ. ಬುರ್ಗ್‌ಹೋಲ್ಸ್ಲಿಗೆ ಬರುವ ಮುನ್ನ ಅವರು ರೈನಾವ್ ಎಂಬಲ್ಲಿ ಹನ್ನೆರಡು ವರ್ಷ ರೋಗಿಗಳ ನಡುವೆಯೇ ಬಾಳಿದ್ದರು. ಅವರ ಸ್ವಂತ ಸೋದರಿಗೂ ತೀವ್ರ ಮಾನಸಿಕ ಕಾಯಿಲೆಯಿತ್ತು. ಎಲ್ಲರಿಗೂ ಇದು ಹರೆಯದಲ್ಲೇ ಬರುವುದಿಲ್ಲ, ಬಂದವರೆಲ್ಲ ಬುದ್ಧಿ ಕಳೆದುಕೊಂಡು ಕೊನೆಗಾಣುವುದೂ ಇಲ್ಲ ಎಂದು ಅವರು ಕಣ್ಣಾರೆ ಕಂಡಿದ್ದರು. ಆದ್ದರಿಂದ ಹಳೆಯ ಹೆಸರು ತೆಗೆದು ಗ್ರೀಕಿನ ಎರಡು ಮಾತು ಜೋಡಿಸಿದರು: ಸ್ಕಿಜೈನ್ ಎಂದರೆ ಸೀಳು, ಫ್ರೆನ್ ಎಂದರೆ ಮನಸ್ಸು. 1911ರ ಅವರ ಪುಸ್ತಕದ ಶೀರ್ಷಿಕೆಯಲ್ಲಿ ಆ ಪದ ಬಹುವಚನದಲ್ಲಿದೆ, 'ಸ್ಕಿಜೋಫ್ರೇನಿಯಾಗಳ ಗುಂಪು' ಎಂದು. ಒಂದೇ ರೋಗವೆಂದು ಅವರು ಹಠ ಹಿಡಿದಿರಲಿಲ್ಲ. ಇದು ಕರುಣೆಯಿಂದ ಹುಟ್ಟಿದ ಹೆಸರು ಎನ್ನುವುದನ್ನು ನಾನು ಮರೆಯಲಾರೆ.

ಅವರು 'ಸೀಳು' ಅಂದದ್ದು ಯಾವುದನ್ನು? ಯೋಚನೆಗೂ ಯೋಚನೆಗೂ ನಡುವೆ, ಯೋಚನೆಗೂ ಭಾವಕ್ಕೂ ನಡುವೆ ಇರುವ ಹೆಣಿಗೆ ಸಡಿಲವಾಗುವುದನ್ನು. ಸಿರುಮುಗೈಯಲ್ಲಿ ಇದನ್ನು ವಿವರಿಸಲು ಪುಸ್ತಕ ಬೇಡ. ಹಾಸಿನಲ್ಲಿ ಸಾವಿರಾರು ಎಳೆಗಳಿರುತ್ತವೆ. ಅಲ್ಲಲ್ಲಿ ಎಳೆ ಸಡಿಲವಾದರೆ, ಕೆಲವು ಕಡಿದರೆ, ಹೊಕ್ಕು ಹಾಯುವಾಗ ಸಿಕ್ಕಾಗುತ್ತದೆ, ಹೂವಿನ ಗೆರೆ ತಪ್ಪುತ್ತದೆ, ಬಾರದ ಕಡೆ ಬಣ್ಣ ಬರುತ್ತದೆ. ಆದರೆ ಮಗ್ಗದ ಮೇಲೆ ಇರುವುದು ಒಂದೇ ಸೀರೆ. ಎಳೆ ತಪ್ಪಿತೆಂದು ಯಾವ ನೇಕಾರನೂ ಅದನ್ನು ಎರಡು ಸೀರೆ ಅನ್ನುವುದಿಲ್ಲ, ಮಗ್ಗವನ್ನು ನೋಡಿ ಹೆದರುವುದೂ ಇಲ್ಲ. ಬಗ್ಗಿ, ಎಳೆ ಹುಡುಕಿ, ಕಟ್ಟುತ್ತಾನೆ. ಬ್ಲಾಯ್ಲರ್ ಹೇಳಿದ್ದು ಎಳೆಗಳ ಮಾತು. ಜಗತ್ತು ಕೇಳಿಸಿಕೊಂಡದ್ದು ಮರ ಸೀಳಿದ ಸದ್ದು: ಒಂದು ಎರಡಾಯಿತು, ಒಳ್ಳೆಯವ ಕೆಟ್ಟವನಾದ.

ಈ ತಪ್ಪನ್ನು ನಾವು ಕನ್ನಡಕ್ಕೆ ಬಹಳ ನಿಷ್ಠೆಯಿಂದ ತಂದುಕೊಂಡೆವು. 'ಇಚ್ಚಿತ್ತ ವಿಕಲತೆ' ಎಂಬ ಪದವನ್ನು ಬಿಡಿಸಿ ನೋಡಿ. ಇರ್ ಎಂದರೆ ಎರಡು, ಎರಡು ಚಿತ್ತ. ಅದರ ಬಾಲಕ್ಕೆ ವಿಕಲತೆ ಬೇರೆ, ಅಂದರೆ ಊನ. 'ಛಿದ್ರಮನಸ್ಕತೆ' ಅನ್ನಿ, ಗಾಜು ಕೈಜಾರಿ ಬಿದ್ದಂತೆ ಕೇಳುತ್ತದೆ, ಛಿದ್ರವಾದದ್ದನ್ನು ಯಾರು ಕೂಡಿಸುತ್ತಾರೆ? ತಮಿಳಿನಲ್ಲಿ 'ಮನಚ್ಚಿದೈವು ನೋಯ್' ಎನ್ನುತ್ತಾರೆ. ಚಿದೈವು ಎಂದರೆ ಕೆಟ್ಟು ಕುಸಿದುಹೋಗುವುದು, ಚಿದೈ ಎಂದರೆ ಹೆಣ ಸುಡುವ ಚಿತೆಯೂ ಹೌದು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಚೀಟಿಯಲ್ಲಿ ಇಂಗ್ಲಿಷು ಇರುವ ಕುಟುಂಬಕ್ಕೆ ಈ ಕಾಯಿಲೆ ಮೂರು ಹೆಸರಿನಲ್ಲಿ ಬರುತ್ತದೆ, ಮೂರೂ ಹೆದರಿಸುತ್ತವೆ. ಮನೋವೈದ್ಯವನ್ನು ಕನ್ನಡಕ್ಕೆ ತಂದವರ ಬಗ್ಗೆ ನನಗೆ ಅಪಾರ ಗೌರವವಿದೆ. ಎಂ. ಶಿವರಾಂ ಅವರ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರ ಪುಸ್ತಕಗಳನ್ನು ಓದಿ ಧೈರ್ಯ ತಂದುಕೊಂಡ ಮನೆಗಳು ನನಗೆ ಗೊತ್ತು. ನಾನು ಕೇಳುವುದು ಇಷ್ಟು: ಗ್ರೀಕಿನ ಪದವನ್ನು ಅನುವಾದಿಸುವ ಬದಲು ಕಾಯಿಲೆಯನ್ನು ನೋಡಿ ಹೆಸರಿಟ್ಟಿದ್ದರೆ?

ಇನ್ನು ಲೇಖಕರು, ಭಾಷಣಕಾರರು ಈ ಪದವನ್ನು ಬಳಸುವ ರೀತಿ. ಒಂದು ಸರ್ಕಾರ ಎರಡು ಮಾತಾಡಿದರೆ ಅದು ಸ್ಕಿಜೋಫ್ರೇನಿಕ್ ಸರ್ಕಾರ. ಹಬ್ಬ ಮಾಡುತ್ತ ವಿಜ್ಞಾನ ಓದುವ ಸಮಾಜ ಸ್ಕಿಜೋಫ್ರೇನಿಕ್ ಸಮಾಜ. ಕೊಯಮತ್ತೂರಿನ ಒಂದು ಸಮುದಾಯದ ಸಭೆಯಲ್ಲಿ ಹಿರಿಯರೊಬ್ಬರು ವೇದಿಕೆಯಿಂದ, ಮನೆಯಲ್ಲಿ ಒಂದು ಭಾಷೆ ಬೀದಿಯಲ್ಲಿ ಇನ್ನೊಂದು ಭಾಷೆ, ಓದಲು ಬರುವುದು ತಮಿಳು ಅಳಲು ಬರುವುದು ಕನ್ನಡ, ನಾವು ಸ್ಕಿಜೋಫ್ರೇನಿಯಾ ಹಿಡಿದ ಜನ ಎಂದರು. ಸಭೆ ಚಪ್ಪಾಳೆ ತಟ್ಟಿತು. ಚಿಕ್ಕಮ್ಮ ನನ್ನ ಪಕ್ಕದಲ್ಲಿದ್ದಳು. ಭಾಷಣದಲ್ಲಿ ಅವಳ ಕಿವಿಗೆ ಬಿದ್ದದ್ದು ಆ ಒಂದೇ ಪದ. ನನ್ನ ತೋಳು ಹಿಡಿದು ಕೇಳಿದಳು: "ಇಷ್ಟು ಜನಕ್ಕೂ ಇದೆಯೇನೋ ಅದು?" ಆ ದನಿಯಲ್ಲಿ ಇದ್ದ ಆಸೆಯನ್ನು ನಾನು ಇವತ್ತಿಗೂ ಮರೆತಿಲ್ಲ. ತನ್ನ ಮಗ ಒಬ್ಬನೇ ಅಲ್ಲ ಎಂಬ ಆಸೆ.

ಎರಡು ಭಾಷೆ ಆಡುವವರು ಎರಡಾಗಿ ಒಡೆದವರಲ್ಲ. ತಾಳವಾಡಿಯಿಂದ ಮೆಟ್ಟುಪಾಳ್ಯದವರೆಗೆ, ಇತ್ತ ಕಾಸರಗೋಡಿನಲ್ಲಿ, ಲಕ್ಷಾಂತರ ಜನ ಒಂದು ಬಾಗಿಲು ದಾಟುವಷ್ಟರಲ್ಲಿ ನಾಲಗೆ ಬದಲಿಸುತ್ತಾರೆ, ಒಂದು ಎಳೆಯೂ ತಪ್ಪದೆ. ಅದು ಕೌಶಲ. ಚಿಕ್ಕಮ್ಮನ ಮಗನಿಗೂ, ನನ್ನ ಆ ತಮ್ಮನಿಗೂ ಅದು ಬರುತ್ತದೆ, ಕಾಯಿಲೆಯಲ್ಲಿಯೂ ಬರುತ್ತಿತ್ತು. ಮುಂದೊಂದು ದಿನ ಅವನು ಸ್ವಲ್ಪ ಸುಧಾರಿಸಿದ ಮೇಲೆ, ಕೇಳಿಸುತ್ತಿದ್ದ ದನಿಗಳು ಯಾವ ಭಾಷೆಯಲ್ಲಿ ಮಾತಾಡುತ್ತಿದ್ದವು ಎಂದು ಕೇಳಿದೆ. ಯಾರೂ ಅದನ್ನು ಕೇಳಿರಲಿಲ್ಲವಂತೆ. "ತಾತ ಕನ್ನಡದಲ್ಲೇ ಬೈಯೋದು, 'ಎದ್ದೇಳೋ, ಹೊತ್ತಾಯ್ತು' ಅಂತ. ರೋಡಿನವರು ತಮಿಳಲ್ಲಿ" ಅಂದ. ತಾತ ತೀರಿಕೊಂಡು ಹತ್ತು ವರ್ಷವಾಗಿತ್ತು. ಅಮೆರಿಕದ ಮಾನವಶಾಸ್ತ್ರಜ್ಞೆ ತಾನ್ಯಾ ಲೂರ್ಮನ್ ಅವರೂ ಚೆನ್ನೈನ ವೈದ್ಯರೂ ಕೂಡಿ ಮಾಡಿದ ಒಂದು ಅಧ್ಯಯನ ಆಮೇಲೆ ನನ್ನ ಕಣ್ಣಿಗೆ ಬಿತ್ತು. ಕ್ಯಾಲಿಫೋರ್ನಿಯಾ, ಘಾನಾದ ಅಕ್ರಾ, ಚೆನ್ನೈ ಈ ಮೂರು ಕಡೆ ತಲಾ 20 ಮಂದಿಯನ್ನು ಅವರು ಮಾತಾಡಿಸಿದ್ದರು. ಅಮೆರಿಕನ್ನರಿಗೆ ಕೇಳಿಸಿದ್ದು ಹೆಚ್ಚಾಗಿ ಹಿಂಸೆಯ, ಅಪರಿಚಿತ ದನಿಗಳು. ಚೆನ್ನೈನ ಬಹಳ ಮಂದಿಗೆ ಕೇಳಿಸಿದ್ದು ನೆಂಟರ ದನಿ: ಅಡುಗೆ ಮಾಡು, ಸ್ನಾನ ಮಾಡು, ಮನೆ ಗುಡಿಸು. ಆ ವೈದ್ಯರು ಸೇರಿದ್ದ, ಸ್ಕಿಜೋಫ್ರೇನಿಯಾ ಸಂಶೋಧನೆಯ ಸ್ಕಾರ್ಫ್ ಸಂಸ್ಥೆಯನ್ನು 1984ರಲ್ಲಿ ಕಟ್ಟಿದ ಡಾ. ಶಾರದಾ ಮೆನನ್ ಹುಟ್ಟಿದ್ದು ನಮ್ಮ ಮಂಗಳೂರಿನಲ್ಲಿ. ಭಾಷೆ, ನೆಂಟಸ್ತಿಕೆ, ಮನೆಗೆಲಸ ಎಲ್ಲವೂ ಕಾಯಿಲೆಯೊಳಗೆ ಬಂದು ಕೂರುತ್ತವೆ. ಇಷ್ಟು ಹತ್ತಿರದ ಮನುಷ್ಯನನ್ನು ನಾವು ಒಂದು ಅಲಂಕಾರವಾಗಿ ಬಳಸಿ ಬಿಸಾಡುತ್ತಿದ್ದೇವೆ.

ಭಾಷೆ ಬೆಳೆಯುವುದೇ ರೂಪಕದಿಂದ, ಹೀಗೆ ಒಂದೊಂದಕ್ಕೂ ತಡೆ ಹಾಕಿದರೆ ಬರೆಯುವುದು ಹೇಗೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಭ್ರಷ್ಟಾಚಾರವನ್ನು ಕ್ಯಾನ್ಸರ್ ಅಂದರೆ ಕ್ಯಾನ್ಸರ್ ಆದವರಿಗೆ ನೋವಾಗಬಹುದು, ಆದರೆ ಕ್ಯಾನ್ಸರ್ ಎಂದರೆ ಏನು ಎಂಬ ತಿಳಿವಳಿಕೆ ಕೆಡುವುದಿಲ್ಲ. ಗಡ್ಡೆ ಬೆಳೆಯುತ್ತದೆ, ಹರಡುತ್ತದೆ, ರೂಪಕವೂ ಅದನ್ನೇ ಹೇಳುತ್ತದೆ. ಇಲ್ಲಿ ಹಾಗಲ್ಲ. ರೂಪಕ ಹೇಳುವ ಇಬ್ಬಂದಿತನ ಕಾಯಿಲೆಯಲ್ಲಿ ಇಲ್ಲವೇ ಇಲ್ಲ. ಬಳಸಿ ಬಳಸಿ ರೂಪಕವೇ ಅರ್ಥವಾಗಿ ಕೂತಿದೆ, ನಿಜವಾದ ಅರ್ಥಕ್ಕೆ ಜಾಗವಿಲ್ಲ. 'ಹುಚ್ಚು' ಎಂಬ ನಮ್ಮ ಹಳೆಯ ಮಾತೇ ಇದಕ್ಕಿಂತ ಮೇಲು. ಅದು ಬೈಗುಳ ನಿಜ, ಆದರೆ ಓದಿನ ಹುಚ್ಚು, ಹಾಡಿನ ಹುಚ್ಚು ಎಂದು ಪ್ರೀತಿಯಿಂದಲೂ ಹೇಳುತ್ತೇವೆ. ಮರುಳ ಎನ್ನುವುದನ್ನು ಶರಣರು ಹೆಸರಿನ ಮುಂದೆ ಇಟ್ಟುಕೊಂಡರು: ಮರುಳಸಿದ್ಧ, ಮರುಳಶಂಕರದೇವ. ಆ ಮಾತುಗಳಿಗೆ ಬೈಯಲೂ ಬರುತ್ತದೆ, ತಬ್ಬಲೂ ಬರುತ್ತದೆ. ಸ್ಕಿಜೋಫ್ರೇನಿಕ್ ಎಂಬ ಮಾತಿಗೆ ತಬ್ಬಲು ಬರುವುದಿಲ್ಲ.

ಭಯದ ಲೆಕ್ಕವೂ ವಿಚಿತ್ರ. ನಮ್ಮ ದೇವಾಂಗರಲ್ಲಿ ವಿಜಯದಶಮಿಯ ದಿನ ರಾಮಲಿಂಗ ಚೌಡೇಶ್ವರಿ ಅಮ್ಮನ ಮೆರವಣಿಗೆ ಹೊರಡುತ್ತದೆ. ಹುಡುಗರು ಕತ್ತಿ ಹಿಡಿದು ಕುಣಿಯುತ್ತ ತಮ್ಮ ಎದೆ, ತೋಳುಗಳ ಮೇಲೆ ಹೊಡೆದುಕೊಳ್ಳುತ್ತಾರೆ, ರಕ್ತದ ಮೇಲೆ ಭಂಡಾರ ಹಚ್ಚುತ್ತಾರೆ. ತಾಯಂದಿರು ದಾರಿಯ ಪಕ್ಕ ಕೈಮುಗಿದು ನಿಲ್ಲುತ್ತಾರೆ. ಅಲ್ಲಿ ಯಾರಿಗೂ ಹೆದರಿಕೆಯಿಲ್ಲ, ಯಾಕೆಂದರೆ ಆಗುತ್ತಿರುವುದಕ್ಕೆ ಎಲ್ಲರೂ ಒಪ್ಪಿದ ಒಂದು ಹೆಸರಿದೆ. ಅದೇ ಕೈಗಳು ಮನೆಯಲ್ಲಿ ಸದ್ದಿಲ್ಲದೆ ಮಲಗಿದ ಹುಡುಗನಿಂದ ಈಳಿಗೆಮಣೆ ಬಚ್ಚಿಡುತ್ತವೆ. ಈ ಕಾಯಿಲೆಯವರಲ್ಲಿ ಬಹುಪಾಲು ಜನ ಯಾರ ಮೇಲೂ ಕೈ ಎತ್ತುವುದಿಲ್ಲ, ಪೆಟ್ಟು ತಿನ್ನುವವರೇ ಹೆಚ್ಚು. ನನ್ನ ತಮ್ಮ ಚಿಲಕದ ಸದ್ದು ಕೇಳಿಸಿಕೊಂಡಿದ್ದ. ಈಳಿಗೆಮಣೆ ಕಾಣೆಯಾದದ್ದನ್ನೂ ಕಂಡಿದ್ದ. ಮನೆಯವರೇ ತನ್ನ ವಿರುದ್ಧ ಏನೋ ಹೂಡುತ್ತಿದ್ದಾರೆ ಎಂಬ ಅವನ ಅನುಮಾನಕ್ಕೆ ಆವತ್ತಿನಿಂದ ಸಾಕ್ಷಿ ಸಿಕ್ಕಿತು. ಮಾತ್ರೆಯನ್ನು ನಾಲಗೆಯಡಿ ಇಟ್ಟುಕೊಂಡು ಆಮೇಲೆ ಉಗಿಯತೊಡಗಿದ. ಒಂದು ಪದದ ತಪ್ಪು ಅರ್ಥ ಕಾಯಿಲೆಯನ್ನೇ ಬೆಳೆಸುವುದು ಹೀಗೆ. ತ್ರಿವೇಣಿಯವರ 'ಶರಪಂಜರ'ವನ್ನು 1971ರಲ್ಲಿ ಪುಟ್ಟಣ್ಣ ಕಣಗಾಲ್ ತೆರೆಗೆ ತಂದಾಗ ಇಡೀ ಕರ್ನಾಟಕ ನೋಡಿತು. ಗುಣವಾಗಿ ಮನೆಗೆ ಬಂದ ಕಾವೇರಿಯ ಒಂದೊಂದು ನಗುವನ್ನೂ ಮನೆಯವರು ಅನುಮಾನದಿಂದ ಅಳೆಯುತ್ತಾರೆ, ಆ ಅಳತೆಯೇ ಅವಳನ್ನು ಮತ್ತೆ ಕೆಡವುತ್ತದೆ. ಕಲ್ಪನಾ ಅಭಿನಯಕ್ಕೆ ಅತ್ತ ನಾವು ಆ ಪಾಠವನ್ನು ಮನೆಗೆ ಒಯ್ಯಲಿಲ್ಲ.

ಹೆಸರಿನಲ್ಲೇನಿದೆ, ಬೇಕಿರುವುದು ವೈದ್ಯರು, ಮಾತ್ರೆ, ಹಾಸಿಗೆ ಎನ್ನುವವರಿಗೆ ಜಪಾನಿನ ಸಂಗತಿ ಹೇಳಬೇಕು. ಅಲ್ಲಿಯೂ ಈ ಕಾಯಿಲೆಗೆ 'ಮನಸ್ಸು ಸೀಳಿದ ರೋಗ' ಎಂಬರ್ಥದ ಹೆಸರಿತ್ತು. 1993ರಲ್ಲಿ ರೋಗಿಗಳ ಕುಟುಂಬದವರ ಒಕ್ಕೂಟ, ಈ ಹೆಸರು ಬದಲಿಸಿ ಎಂಬ ಅಹವಾಲಿನೊಂದಿಗೆ ಮನೋವೈದ್ಯರ ಸಂಘದ ಬಾಗಿಲು ತಟ್ಟಿತು. ಚರ್ಚೆ ನಡೆದು ನಡೆದು 2002ರಲ್ಲಿ ಹೊಸ ಹೆಸರು ಬಂತು: 'ತೊಗೊ ಶಿಚ್ಚೊ ಶೊ', ಹೊಂದಾಣಿಕೆ ತಪ್ಪಿದ ಸ್ಥಿತಿ. ಅದಕ್ಕೆ ಮೊದಲು ಅಲ್ಲಿನ ವೈದ್ಯರು ನೂರರಲ್ಲಿ ಸುಮಾರು 37 ರೋಗಿಗಳಿಗೆ ಮಾತ್ರ ಕಾಯಿಲೆಯ ಹೆಸರು ಹೇಳುತ್ತಿದ್ದರು, ಉಳಿದವರಿಗೆ ಹೇಳಲು ಅವರಿಗೇ ಬಾಯಿ ಬರುತ್ತಿರಲಿಲ್ಲ. ಮೂರು ವರ್ಷದೊಳಗೆ ಅದು ಸುಮಾರು 70ಕ್ಕೆ ಏರಿತು. ಮದ್ದು ಅದೇ, ಆಸ್ಪತ್ರೆ ಅದೇ. ಕೊರಿಯಾದವರು ಆಮೇಲೆ ಇನ್ನೂ ಚೆಂದದ ಹೆಸರು ಹುಡುಕಿದರು, ತಂತಿವಾದ್ಯದ ತಂತಿಯನ್ನು ಶ್ರುತಿಗೆ ತರುವುದು ಎಂಬ ಭಾವದ್ದು. ತಂತಿ ಸಡಿಲಾದ ವೀಣೆಯನ್ನು ಯಾರೂ ಬಿಸಾಡುವುದಿಲ್ಲ.

ಹೆಸರೇ ಬೇಡ ಎಂಬ ಮಾತು ಮಾತ್ರ ನನಗೆ ಒಪ್ಪಿಗೆಯಿಲ್ಲ. ಹೆಸರಿಲ್ಲದಿದ್ದರೆ 2016ರ ಕಾಯ್ದೆಯಡಿ ಅಂಗವೈಕಲ್ಯ ಪ್ರಮಾಣಪತ್ರ ಸಿಗುವುದಿಲ್ಲ, ವಿಮೆ ಕೇಳಲಾಗದು, ಮಾತ್ರೆಯೂ ಬರುವುದಿಲ್ಲ. ಹೆಸರಿಡದೆ ಕೂಡಿಹಾಕಿದ ಜಾಗಗಳಲ್ಲಿ ಏನಾಯಿತೆಂದು ತಮಿಳುನಾಡಿಗೆ ಚೆನ್ನಾಗಿ ಗೊತ್ತು. 2001ರ ಆಗಸ್ಟ್ 6ರಂದು ಏರ್ವಾಡಿಯ ಮನೋರೋಗಿಗಳ ಆಶ್ರಯದಲ್ಲಿ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ 28 ಮಂದಿ ಓಡಲಾರದೆ ಸತ್ತರು. ಸರಪಳಿಯನ್ನು ಯಾವ ರೂಪದಲ್ಲೂ ಬಳಸಕೂಡದೆಂದು 2017ರ ಮಾನಸಿಕ ಆರೋಗ್ಯ ಕಾನೂನು ಸ್ಪಷ್ಟವಾಗಿ ಬರೆದದ್ದು ಅದಾಗಿ ಹದಿನಾರು ವರ್ಷದ ಮೇಲೆ. ಇದೇ ನಾಡಿನ ಇನ್ನೊಂದು ಚಿತ್ರವೂ ಇದೆ. ವೇಲಾಯುಧಂಪಾಳಯಂಪುದೂರ್ ಎಂಬ ಹಳ್ಳಿಯ ಮುತ್ತುಸ್ವಾಮಿ ಗುಡಿಯಲ್ಲಿ ಉಳಿದಿದ್ದ 31 ಮಂದಿಯನ್ನು ನಿಮ್ಹಾನ್ಸ್‌ನ ವೈದ್ಯರು ಗಮನಿಸಿ 2002ರಲ್ಲಿ ಪ್ರಕಟಿಸಿದರು. ದೆವ್ವ ಬಿಡಿಸುವ ವಿಧಿ ಅಲ್ಲಿರಲಿಲ್ಲ. ಬೆಳಿಗ್ಗೆ ಒಂದು ಪೂಜೆ, ಆಮೇಲೆ ನೆಲ ಗುಡಿಸುವುದು, ಗಿಡಕ್ಕೆ ನೀರು ಹಾಕುವಂಥ ಕೆಲಸ, ಗದರದ ಜನ. ಅಷ್ಟಕ್ಕೇ ಅವರ ಲಕ್ಷಣಗಳ ತೀವ್ರತೆ ಸುಮಾರು ಐದನೇ ಒಂದು ಪಾಲು ಇಳಿದಿತ್ತು. ಇದನ್ನು ಓದಿ ಮಾತ್ರೆ ಬಿಡಿ ಎಂದು ನಾನು ಹೇಳಲಾರೆ. 1952ರಲ್ಲಿ ಪ್ಯಾರಿಸ್ಸಿನಲ್ಲಿ ಕ್ಲೋರ್‌ಪ್ರೊಮಜೈನ್ ಬಳಕೆಗೆ ಬಂದ ಮೇಲೆಯೇ ಆಸ್ಪತ್ರೆಯ ಗೋಡೆಗಳೊಳಗೆ ಮುದಿಯಾಗಬೇಕಿದ್ದವರು ಮನೆಗೆ ಮರಳತೊಡಗಿದ್ದು. ನನ್ನ ತಮ್ಮನೂ ಎದ್ದದ್ದು ಮಾತ್ರೆಯಿಂದಲೇ. ಆದರೆ ಆ ಮಾತ್ರೆಯನ್ನು ಅವನು ನುಂಗುವಂತಾಗಲು ಮೊದಲು ಚಿಲಕ ತೆಗೆಯಬೇಕಾಯಿತು.

ಕನ್ನಡದಲ್ಲಿ ಹಾಗಾದರೆ ಏನನ್ನಬೇಕು? ಚೀಟಿಯಲ್ಲಿ, ಕಡತದಲ್ಲಿ, ಪುಸ್ತಕದಲ್ಲಿ ಸ್ಕಿಜೋಫ್ರೇನಿಯಾ ಎಂದೇ ಇರಲಿ, ಟೈಫಾಯಿಡ್ ಇದ್ದ ಹಾಗೆ. ಗ್ರೀಕಿನ ಅರ್ಥ ಯಾರಿಗೂ ಗೊತ್ತಾಗದಿದ್ದರೆ ಒಳ್ಳೆಯದೇ. ಇಚ್ಚಿತ್ತವನ್ನೂ ಛಿದ್ರವನ್ನೂ ಕೈಬಿಡೋಣ. ಮನೆಯಲ್ಲಿ ಆಡುವ ಹೆಸರು ಮನೆಯಿಂದಲೇ ಬರಬೇಕು. ಡಯಾಬಿಟೀಸ್ ಎಂಬುದನ್ನು ನಮ್ಮವರು ಅನುವಾದಿಸಲಿಲ್ಲ, ಕಂಡದ್ದನ್ನು ಹಿಡಿದು ಸಕ್ಕರೆ ಕಾಯಿಲೆ ಅಂದರು, ಇವತ್ತು ಸಂಕೋಚವಿಲ್ಲದೆ ಮದುವೆಮನೆಯ ಪಂಕ್ತಿಯಲ್ಲಿ ಹೇಳಿಕೊಳ್ಳುತ್ತಾರೆ. ಪಂಡಿತರ ಸಮಿತಿ ಇದಕ್ಕೊಂದು ಪದ ಟಂಕಿಸುವ ಮೊದಲು ರೋಗಿಗಳನ್ನೂ ಅವರ ತಾಯಂದಿರನ್ನೂ ಕೇಳಲಿ, ಜಪಾನಿನಲ್ಲಿ ಕೇಳಿದ ಹಾಗೆ. ವೈದ್ಯರಿಗೆ ಹೆಸರು ವಿವರಿಸಲು ಹೊತ್ತಿಲ್ಲದಿದ್ದರೂ ಇದು ಇಬ್ಬರಾಗುವ ಕಾಯಿಲೆ ಅಲ್ಲ ಎಂಬ ಒಂದು ವಾಕ್ಯಕ್ಕೆ ಹೊತ್ತು ಮಾಡಿಕೊಳ್ಳಲಿ. ಆವತ್ತು ಕೊಯಮತ್ತೂರಿನಲ್ಲಿ ಆ ವಾಕ್ಯ ಸಿಕ್ಕಿದ್ದರೆ ಚಿಕ್ಕಮ್ಮನ ಒಂದೂವರೆ ವರ್ಷ ಉಳಿಯುತ್ತಿತ್ತು.

ಆ ವಾಕ್ಯವನ್ನು ಅವಳಿಗೆ ಕೊನೆಗೆ ಹೇಳಿದವರು ಒಬ್ಬ ನರ್ಸ್. ಅವರ ಮುಂದೆ ಚಿಕ್ಕಮ್ಮ ಮಗನನ್ನೇ ಕೇಳಿದಳಂತೆ, ನಿನಗೆ ಏನಾಗುತ್ತೆ ಅಂತ. ಅವನು "ಸದ್ದು" ಅಂದ. ಈಗ ಆ ಮನೆಯಲ್ಲಿ ಕಾಯಿಲೆಯ ಹೆಸರು ಅದೇ. ಮೊನ್ನೆ ಹೋದಾಗ ಅವನು ಮಗ್ಗದಲ್ಲಿದ್ದ, ಮೊದಲಿನಷ್ಟು ವೇಗವಿಲ್ಲ, ಮೈ ಸ್ವಲ್ಪ ಬಂದಿದೆ. ಅಡುಗೆಮನೆಯಿಂದ ಚಿಕ್ಕಮ್ಮ ಕೂಗಿ ಕೇಳಿದಳು, "ಸದ್ದು ಹೆಂಗಿದೆಯೋ ಇವತ್ತು?" ಲಾಳಿ ಒಂದು ಕ್ಷಣ ನಿಂತಿತು. "ಇದೆ, ಕಮ್ಮಿ" ಅಂದ. ಅವಳು ಈಳಿಗೆಮಣೆಯ ಮೇಲೆ ಕಾಲೂರಿ ಕೂತು ಕುಂಬಳಕಾಯಿ ಹೆಚ್ಚುತ್ತಿದ್ದಳು.